ಊರ ಮನೆಗೆ ಇಲ್ಲಿಂದ ಸೆನ್ಸರ್ ಒಯ್ಯೋ ಮುಂಚೆ

ನಿನ್ನೆ ಇಲ್ಲಿ ಅಮೆರಿಕದಲ್ಲಿರುವ ಕಾರವಾರದ ಕಡೆಯವರೊಬ್ಬರು ಕೇಳಿದ್ದರು. ಡಿಸೆಂಬರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗ್ತಿದ್ದೇವೆ, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಅಲಾರ್ಮ್ ಹಾಕಿಸಬೇಕು, ಇಲ್ಲಿಯ ಹಳೇ ಮನೆಯಿಂದ ಬಿಚ್ಚಿಟ್ಟ, ಬಾಗಿಲು ತೆಗೆದರೆ ಸಿಗ್ನಲ್ ಕಳಿಸುವ ಸೆನ್ಸರ್ ಹತ್ತಾರು ಇವೆ, ಒಯ್ಯಬಹುದಾ ಅಂತ. ಬೇಡ. ದಯವಿಟ್ಟು ಬೇಡ. ಹೋದ ವರ್ಷ ಶಿರಸಿ ಹತ್ತಿರದ ನಮ್ಮ ಮನೆಗೆ ನಾನು ಅದನ್ನೇ ಮಾಡಿದೆ. ಹದಿನೈದು ದಿನದ ರಜೆಯಲ್ಲಿ ನಾಲ್ಕು ದಿನ ಅದಕ್ಕೇ ಹೋಯಿತು.

ನ್ಯೂಜೆರ್ಸಿಯಿಂದ ಒಯ್ದದ್ದು ಆರು ಸೆನ್ಸರ್. ಸಿಗ್ನಲ್ ಹಿಡಿಯುವ ಪ್ಯಾನೆಲ್ ಮಾತ್ರ ಅಲ್ಲಿ ತಗೊಂಡರೆ ಸಾಕು ಅಂದುಕೊಂಡಿದ್ದೆ. ಅಂಗಡಿಯವರೂ ‘ವೈರ್‌ಲೆಸ್ ಅಂದ್ರೆ ಎಲ್ಲಾ ಒಂದೇ ಸರ್, ಸೆಟ್ ಆಗ್ತದೆ’ ಅಂದರು. ಆಗಲಿಲ್ಲ. ಬಾಗಿಲು ತೆಗೆದರೆ ಸೆನ್ಸರಿನ ಕೆಂಪು ದೀಪ ಮಿಣಕ್ ಅನ್ನುತ್ತದೆ, ಪ್ಯಾನೆಲ್ ಮಾತ್ರ ಸುಮ್ನೆ ಕೂತಿರುತ್ತದೆ. ದೀಪ ಮಿಣುಕಿತು ಅಂದರೆ ಸೆನ್ಸರ್ ಕೂಗಿತು ಅಂತ ಅಷ್ಟೇ, ಆ ಕಡೆ ಯಾರೋ ಕೇಳಿಸಿಕೊಂಡರು ಅಂತಲ್ಲ. ಇಂಥ ಸಾದಾ ಸೆನ್ಸರಿಗೆ ಬಾಯಿ ಮಾತ್ರ ಇರುತ್ತದೆ, ಕಿವಿ ಇರುವುದಿಲ್ಲ.

ಮೊದಲನೇ ಕಾರಣ ಫ್ರೀಕ್ವೆನ್ಸಿ, ಅಂದರೆ ಸೆನ್ಸರ್ ಯಾವ ರೇಡಿಯೋ ಅಲೆಯಲ್ಲಿ ಕೂಗುತ್ತದೆ ಅನ್ನುವುದು. ಅಮೆರಿಕದಲ್ಲಿ ಒಂದು ಕಂಪನಿಯ ಸೆನ್ಸರ್ 345 ಮೆಗಾಹರ್ಟ್ಸ್, ಇನ್ನೊಂದರದ್ದು 319.5, ಕೆಲವು 433.92. ಅಂದರೆ ಅಮೆರಿಕದೊಳಗೇ ಒಂದಕ್ಕೊಂದು ಹೊಂದುವುದಿಲ್ಲ. ಯುರೋಪಿನವರದ್ದು ಹೆಚ್ಚಾಗಿ 433 ಇಲ್ಲವೇ 868. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು ಕಡಿಮೆ ಶಕ್ತಿಯ 433ರಿಂದ 434, ಮತ್ತೆ 865ರಿಂದ 868. ಝೆಡ್-ವೇವ್ (ಮನೆಯ ವೈರ್‌ಲೆಸ್ ಸಾಮಾನುಗಳು ಮಾತಾಡಿಕೊಳ್ಳುವ ಒಂದು ಪದ್ಧತಿ) ಅಂತ ಪೆಟ್ಟಿಗೆ ಮೇಲೆ ಇದೆ, ಎಲ್ಲಾ ಕಡೆ ನಡೆಯುತ್ತೆ ಅಂತ ಕೆಲವರು ನಂಬಿದ್ದಾರೆ. ಅದೂ ಅಮೆರಿಕದ್ದು 908.42, ಭಾರತದ್ದು 865.2. ಊರಲ್ಲಿ 890ರಿಂದ 915ರವರೆಗಿನ ಜಾಗ ಮೊಬೈಲ್ ಫೋನುಗಳದ್ದು, ಅಮೆರಿಕದ ಡಬ್ಬಿ ಅಲ್ಲಿ ಮೊಬೈಲಿನ ಜಾಗದಲ್ಲೇ ಕೂಗುತ್ತದೆ. ಅಂಥದೇ ಇನ್ನೊಂದು ಪದ್ಧತಿ ಝಿಗ್‌ಬೀ ಆದರೆ 2.4 ಗಿಗಾಹರ್ಟ್ಸ್, ಅದು ಎರಡೂ ಕಡೆ ಒಂದೇ. ಆದರೂ ಹಬ್ (ಅದರ ಸಿಗ್ನಲ್ ಹಿಡಿಯುವ ಡಬ್ಬಿ) ಆ ಸೆನ್ಸರನ್ನು ಗುರುತಿಸುತ್ತದೆಯಾ ಅಂತ ಇಲ್ಲೇ ಜೋಡಿಸಿ ನೋಡಿಕೊಂಡು ಹೋಗಿ.

ಎರಡನೇ ಕಾರಣ ಕೋಡು. ನನ್ನ ಆರರಲ್ಲಿ ಎರಡು 433.92 ಇದ್ದವು, ಪ್ಯಾನೆಲ್ಲೂ 433.92. ಆದರೂ ಮಾತಿಲ್ಲ. ರಾತ್ರಿ ಜಗಲಿಯಲ್ಲಿ ಕೂತು ಎರಡರದ್ದೂ ಮುಚ್ಚಳ ಬಿಚ್ಚಿದೆ. ಒಂದರಲ್ಲಿ 2262 ಅಂತ ಬರೆದ ಚಿಪ್, ಪಕ್ಕದಲ್ಲಿ ವಿಳಾಸ (ಸೆನ್ಸರಿನ ಗುರುತಿನ ಕೋಡು) ಕೂಡಿಸುವ ಎಂಟು ಸಾಲು ಪಿನ್ನು. ಪ್ಯಾನೆಲ್ ಜತೆ ಬಂದ ರಿಮೋಟಿನಲ್ಲಿ 1527 ಅನ್ನುವ ಚಿಪ್. ಮೊದಲನೆಯದರಲ್ಲಿ ವಿಳಾಸ ನಾವೇ ಕೈಯಲ್ಲಿ ಕೂಡಿಸಬೇಕು, ಎರಡನೆಯದಕ್ಕೆ 20 ಬಿಟ್ಟಿನ ನಂಬರು ಫ್ಯಾಕ್ಟರಿಯಲ್ಲೇ ಬರೆದಿರುತ್ತದೆ, ಪ್ಯಾನೆಲ್ ಅದನ್ನು ಕಲಿತುಕೊಳ್ಳುತ್ತದೆ. ಮೇಲಾಗಿ 2262 ಪಕ್ಕದ ರೆಸಿಸ್ಟರ್ ಬೇರೆ ಆದರೆ ಕೂಗುವ ವೇಗವೇ ಬೇರೆ, 3.3 ಮೆಗಾಓಮ್ ಇದ್ದದ್ದಕ್ಕೂ 1.5 ಮೆಗಾಓಮ್ ಇದ್ದದ್ದಕ್ಕೂ ತಾಳ ಕೂಡುವುದಿಲ್ಲ. ಇನ್ನೊಂದು ಸೆನ್ಸರ್ ಆ ಕಂಪನಿಯದೇ ಗುಟ್ಟಿನ ಕೋಡು, ಬೇರೆ ಪ್ಯಾನೆಲ್ಲಿಗೆ ಅದು ಬರೀ ಗದ್ದಲ. ಹಾಗಾಗಿ 433 ಅಂತ ಎರಡೂ ಕಡೆ ಬರೆದಿದ್ದರೆ ಸಾಲದು. ಸೆನ್ಸರ್, ಪ್ಯಾನೆಲ್ ಎರಡೂ ಒಂದೇ ಕಡೆ, ಒಂದೇ ಸೆಟ್ಟಿನಲ್ಲಿ, ಊರಲ್ಲೇ ತಗೊಳ್ಳಿ. ಇನ್ನೂ ಎರಡು ಸೆನ್ಸರ್ ಜಾಸ್ತಿ ತಂದಿಡಿ, ಮುಂದೆ ಅದೇ ಮಾಡೆಲ್ ಸಿಗುತ್ತೆ ಅಂತ ನಂಬಬೇಡಿ.

ಐದನೇ ದಿನ ಹೊಸ ಸೆಟ್ ಬಂತು. ಪರೀಕ್ಷೆ ಮಾಡಿದ್ದು ಮಗಳು ಮತ್ತು ಆಯಿ, ಅಂದರೆ ಅವಳ ಅಜ್ಜಿ. ಮಗಳಿಗೆ ಹನ್ನೊಂದು, ಇಲ್ಲಿ ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗುತ್ತಾಳೆ, ಎಲ್ಲಾ ಅರ್ಥ ಆಗುತ್ತೆ, ಬಾಯಿ ಮಾತ್ರ ಬಿಡುವುದಿಲ್ಲ. ಚಾಲಿ (ಒಣ ಅಡಿಕೆ) ಚೀಲ ಇಟ್ಟ ಕೋಣೆಯ ಬಾಗಿಲಲ್ಲಿ ಅವಳು, ಒಳಗೆ ಪ್ಯಾನೆಲ್ ಮುಂದೆ ಆಯಿ. ‘ಅಮ್ಮಮ್ಮಾ, ಬಂತಾ?’ ಅಂತ ಇವಳು ಕೂಗುವುದು, ‘ಬಂಜಿಲ್ಲೆ!’ (ಬಂದಿಲ್ಲ) ಅಂತ ಆಯಿ. ಸೆನ್ಸರನ್ನು ಒಂದು ಗೇಣು ಮೇಲೆ ಸರಿಸಿ ಮತ್ತೆ ಕೂಗುವುದು. ಅವತ್ತು ಸಂಜೆಯ ಹೊತ್ತಿಗೆ ಮಗಳೂ ‘ಬಂಜಿಲ್ಲೆ’ ಅನ್ನತೊಡಗಿದ್ದಳು. ಈಗಲೂ ಫೋನ್ ಮಾಡಿದರೆ ಮೊದಲು ಸೆನ್ಸರಿನ ಸುದ್ದಿ ಕೇಳುತ್ತಾಳೆ, ಆಯಿಯೂ ಅವಳಿಗೇ ವರದಿ ಕೊಡುತ್ತಾರೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಖುಷಿ ಆಗ್ತಿದೆ. ಮಕ್ಕಳಿಗೆ ಊರಲ್ಲಿ ಮಾಡೋಕೆ ಒಂದು ಕೆಲಸ ಕೊಡಿ, ಸುಮ್ನೆ ನೆಂಟರ ಮನೆ ಸುತ್ತಿಸಬೇಡಿ.

ನಮ್ಮ ಕಡೆ ಮನೆಗೆ ಕೆಲವು ಮಾತು ಬೇರೆ. ಚಿರೇಕಲ್ಲಿನ ದಪ್ಪ ಗೋಡೆ ಸಿಗ್ನಲ್ ನುಂಗುತ್ತದೆ, ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಜಾಸ್ತಿ. ಪ್ಯಾನೆಲ್ ನಡುಮನೆಯಲ್ಲಿರಲಿ, ಆಂಟೆನಾ ತಂತಿ ನೆಟ್ಟಗಿರಲಿ. 433ಕ್ಕೆ ಅದು ಸುಮಾರು 17 ಸೆಂಟಿಮೀಟರ್ ಇರುತ್ತದೆ, ಉದ್ದ ಅಂತ ಕತ್ತರಿಸಬಾರದು, ನಮ್ಮಲ್ಲಿ ಪ್ಯಾನೆಲ್ ಹಾಕಲು ಬಂದ ಹುಡುಗ ಸುತ್ತಿ ಒಳಗೆ ತುರುಕಿದ್ದ. ಜುಲೈಯಲ್ಲಿ ಮರದ ಬಾಗಿಲು ಉಬ್ಬಿ ಪೂರ್ತಿ ಹಾಕಿಕೊಳ್ಳುವುದಿಲ್ಲ, ಆಗ ಸೆನ್ಸರಿನ ಜೋಡಿ ಆಯಸ್ಕಾಂತ ಅದರಿಂದ ದೂರವಾಗಿ ಸುಳ್ಳು ಅಲಾರ್ಮ್. ಕಾರವಾರದವರಿಗೆ ಉಪ್ಪುಗಾಳಿ, ಸೆಲ್ ಕೂರುವ ತಗಡು ಹಸಿರುಗಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ಒರೆಸಲೇಬೇಕು. ಸಿಆರ್ 123 ಅನ್ನುವ ಆ ಗಿಡ್ಡ ಸೆಲ್ ಬೇಡುವ ಸೆನ್ಸರ್ ತಗೊಳ್ಳಬೇಡಿ, ಶಿರಸಿ ಪೇಟೆಯಲ್ಲಿ ನನಗೆ ಸಿಗಲಿಲ್ಲ. ರಿಮೋಟಿಗೆ ಹಾಕುವ ಸಾದಾ ಸೆಲ್ ಆದರೆ ಯಾವ ಅಂಗಡಿಯಲ್ಲೂ ಇರುತ್ತದೆ.

ಕೊನೆಗೆ, ಅಲಾರ್ಮ್ ಆದಾಗ ಪ್ಯಾನೆಲ್ ಫೋನ್ ಮಾಡಲು ಬೇಕಾದ ಸಿಮ್. ಅಗ್ಗದ ಪ್ಯಾನೆಲ್ ಬಹಳಷ್ಟು ಹಳೇ 2ಜಿ ನೆಟ್‌ವರ್ಕಿನವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಕರೆ ಹೋಗುವುದೇ ಇಲ್ಲ. ಪ್ಯಾನೆಲ್ ಕರೆ ಮಾಡುವ ಮೊದಲ ನಂಬರು ನಿಮ್ಮದಲ್ಲ, ಪಕ್ಕದ ಮನೆಯವರದ್ದು ಇರಲಿ. ನಾವು ಇಲ್ಲಿ ಆಫೀಸಿನಲ್ಲಿ ಕೂತಿರುವ ಹೊತ್ತಿಗೆ ಅಲ್ಲಿ ನಡುರಾತ್ರಿ, ಟಾರ್ಚ್ ಹಿಡಿದು ಓಡಿ ಬರುವವರು ಅವರೇ ಅಲ್ವಾ.

ಕಾರವಾರದವರು ನಿಮ್ಮ ಸೆನ್ಸರಿನ ಹಿಂಬದಿ ಫೋಟೋ ತೆಗೆದು ಇಲ್ಲಿ ಹಾಕಿ. ಫ್ರೀಕ್ವೆನ್ಸಿ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿ ಹೇಳುತ್ತೇನೆ.