ರಿಪ್ಯಾಕ್ ಅರ್ಧಕ್ಕೆ ನಿಂತಿತು, ಈಗ ಡಿಸ್ಕ್ ತುಂಬುತ್ತಿದೆ

ರಾತ್ರಿಪಾಳಿ:
ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಆರ್ಡರ್ ಟೇಬಲ್ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸೇರಿ 180 ಜಿಬಿ. ಭಾನುವಾರ ರಾತ್ರಿ ಎಂದಿನಂತೆ ಪಿಜಿ ರಿಪ್ಯಾಕ್ (ಟೇಬಲ್ಲನ್ನು ಹೊಸದಾಗಿ ಕಾಪಿ ಮಾಡಿ ವ್ಯರ್ಥ ಜಾಗ ಬಿಡಿಸುವ ಟೂಲ್) ಓಡುತ್ತಿತ್ತು. ಡೇಟಾ ಕಾಪಿ ಮುಗಿದು ಇಂಡೆಕ್ಸ್ ಕಟ್ಟುವಾಗ, ಅದನ್ನು ಓಡಿಸುತ್ತಿದ್ದ ಯಂತ್ರವೇ ರೀಸ್ಟಾರ್ಟ್ ಆಯಿತು. ಆಮೇಲಿಂದ ದಿನಕ್ಕೆ 6 ಜಿಬಿ ಏರುತ್ತಿದೆ. 60 ಜಿಬಿ ಮಾತ್ರ ಖಾಲಿ ಇದೆ.

ಮಲೆನಾಡಿಗ:
ಇವತ್ತು ರಾತ್ರಿ ವ್ಯಾಕ್ಯೂಮ್ ಫುಲ್ ಹಾಕಿಬಿಡಿ.

ತುಂಗಾತೀರ:
ದಯವಿಟ್ಟು ಬೇಡ. ಅದು ಜಾಗ ಬಿಡಿಸಲು ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, 60 ಜಿಬಿಯಲ್ಲಿ ಹಿಡಿಸುವುದಿಲ್ಲ. ಮುಗಿಯುವ ತನಕ ಯಾರೂ ಆ ಟೇಬಲ್ಲನ್ನು ಓದಲೂ ಆಗುವುದಿಲ್ಲ. ಮೊದಲು ಬೆಳೆಯುತ್ತಿರುವುದು ಯಾವುದು ಅಂತ ನೋಡಿ. ರಿಪ್ಯಾಕ್ ಸ್ಕೀಮಾದಲ್ಲಿರುವ (ರಿಪ್ಯಾಕ್ ತನ್ನ ಟೇಬಲ್ ಇಡುವ ವಿಭಾಗ) ಟೇಬಲ್‌ಗಳ ಗಾತ್ರ ಎಷ್ಟಿದೆ?

ರಾತ್ರಿಪಾಳಿ:
ಎರಡಿವೆ ಮೇಡಂ. ಒಂದು 110 ಜಿಬಿ, ಅದು ಏರುತ್ತಿಲ್ಲ. 'ಲಾಗ್' ಅಂತ ಶುರುವಾಗುವುದು 31 ಜಿಬಿ, ಏರುತ್ತಲೇ ಇದೆ.

ತುಂಗಾತೀರ:
ಸಿಕ್ಕಿತು ನೋಡಿ. ರಿಪ್ಯಾಕ್ ಶುರುವಿನಲ್ಲೇ ನಿಮ್ಮ ಟೇಬಲ್‌ಗೆ ಒಂದು ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್) ಕಟ್ಟುತ್ತದೆ. ಕಾಪಿ ಆಗುವಾಗ ಬರುವ ಪ್ರತಿ ಬದಲಾವಣೆಯನ್ನೂ ಅದು ಲಾಗ್ ಟೇಬಲ್‌ಗೆ ಬರೆಯುತ್ತದೆ. ಅದನ್ನು ಓದುವವನು (ರಿಪ್ಯಾಕ್) ಭಾನುವಾರವೇ ಹೋದ, ಬರೆಯುವವನು (ಟ್ರಿಗರ್) ಮಾತ್ರ ಇನ್ನೂ ಬರೆಯುತ್ತಿದ್ದಾನೆ. 110 ಜಿಬಿಯದ್ದು ಅರ್ಧಕ್ಕೆ ನಿಂತ ರಿಪ್ಯಾಕ್ ಬಿಟ್ಟುಹೋದ ಕಾಪಿ.

ಮಲೆನಾಡಿಗ:
ಹಾಗಾದರೆ ಲಾಗ್ ಟೇಬಲ್ ಡ್ರಾಪ್ ಮಾಡಿದರೆ (ಅಳಿಸಿದರೆ) ಸಾಕು, ಅಲ್ವಾ?

ಹಳೇ ಡಿಬಿಎ:
ಅಯ್ಯೋ, ಅದೊಂದು ಮಾಡಬೇಡಿ! ಟ್ರಿಗರ್ ಇದ್ದು ಲಾಗ್ ಇಲ್ಲದಿದ್ದರೆ ಪ್ರತಿ ಇನ್ಸರ್ಟ್ (ಹೊಸ ಸಾಲು ಸೇರಿಸುವುದು) ಎರರ್ ಕೊಡುತ್ತದೆ. ಆರ್ಡರೇ ನಿಂತುಹೋಗುತ್ತವೆ. ನಮ್ಮಲ್ಲಿ ಇದೇ ತಪ್ಪಿನಿಂದ 40 ನಿಮಿಷ ಕೆಲಸ ನಿಂತಿತ್ತು. ಡೇಟಾಬೇಸ್‌ಗೆ ಸೇರಿಸಿರುವ ರಿಪ್ಯಾಕ್ ಎಕ್ಸ್‌ಟೆನ್ಶನ್ನನ್ನೇ ಕ್ಯಾಸ್ಕೇಡ್ (ಅದಕ್ಕೆ ಅಂಟಿದ್ದನ್ನೆಲ್ಲಾ ಅಳಿಸುವ ಆಯ್ಕೆ) ಕೊಟ್ಟು ಡ್ರಾಪ್ ಮಾಡಿ, ಮತ್ತೆ ಕ್ರಿಯೇಟ್ ಮಾಡಿ. ಟ್ರಿಗರ್, ಲಾಗ್, ಕಾಪಿ ಎಲ್ಲಾ ಒಟ್ಟಿಗೆ ಹೋಗುತ್ತವೆ.

ತುಂಗಾತೀರ:
ಸರ್, ಹಗಲಲ್ಲಿ ಕ್ಯಾಸ್ಕೇಡ್ ನನಗೆ ಒಪ್ಪಿಗೆಯಿಲ್ಲ. ಬೇರೆ ಟೇಬಲ್ ಮೇಲೆ ರಿಪ್ಯಾಕ್ ಓಡುತ್ತಿದ್ದರೆ ಅದೂ ಕೆಡುತ್ತದೆ. ಮೊದಲು ಟ್ರಿಗರ್ ಮಾತ್ರ ತೆಗೆಯಲಿ, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಉಳಿದದ್ದು ರಾತ್ರಿಗೆ.

ಹಳೇ ಡಿಬಿಎ:
ಸರಿ, ಆದರೆ ಟ್ರಿಗರ್ ತೆಗೆಯಲೂ ಟೇಬಲ್ ಲಾಕ್ ಬೇಕು. ಇನ್ನೂ ಮುಗಿಯದ ಯಾವುದಾದರೂ ಉದ್ದದ ಟ್ರಾನ್ಸಾಕ್ಷನ್ ಅಡ್ಡ ಇದ್ದರೆ ಇದು ಕಾಯುತ್ತದೆ, ಇದರ ಹಿಂದೆ ಬಂದವರೆಲ್ಲಾ ಕಾಯುತ್ತಾರೆ. ಲಾಕ್ ಟೈಮ್ಔಟ್ (ಲಾಕ್‌ಗೆ ಕಾಯುವ ಗರಿಷ್ಠ ಸಮಯ) ಇಡದೆ ಮುಟ್ಟಬೇಡಿ.

ರಾತ್ರಿಪಾಳಿ:
3 ಸೆಕೆಂಡ್ ಇಟ್ಟೆ. ಎರಡು ಸಲ ಆಗಲಿಲ್ಲ, ಮೂರನೇ ಸಲಕ್ಕೆ ಟ್ರಿಗರ್ ಹೋಯಿತು. ಅರ್ಧ ಗಂಟೆಯಿಂದ ಲಾಗ್ 31 ಜಿಬಿಯಲ್ಲೇ ನಿಂತಿದೆ. ಕ್ಯಾಸ್ಕೇಡ್ ರಾತ್ರಿ 2ಕ್ಕೆ ಮಾಡುತ್ತೇನೆ.