ಸಹಾಯ ಬೇಕು: ಬಂದರಿನ ಹೂಳೆತ್ತುವಿಕೆಯಿಂದ ಕಡಲತಳದ ಜೀವಿಗಳಿಗೆ ಆಗುವ ಪರಿಣಾಮ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು, ಪರಿಸರ ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಪಣಂಬೂರಿನ ನವಮಂಗಳೂರು ಬಂದರಿನ ಹೂಳೆತ್ತುವಿಕೆ ನನ್ನ ಪ್ರಬಂಧದ ವಿಷಯ. ಮಲೆನಾಡಿನವಳಿಗೆ ಕಡಲಿನ ಗೊಡವೆ ಏಕೆ ಎಂದು ಮನೆಯಲ್ಲೂ ಕೇಳುತ್ತಾರೆ. ನಮ್ಮ ಕುದುರೆಮುಖದ ಅದಿರು 2005ರ ಕೊನೆಯವರೆಗೂ ಕೊಳವೆಯಲ್ಲಿ ಹರಿದದ್ದು ಆ ಕಡಲತೀರಕ್ಕೇ. ನೇತ್ರಾವತಿ ಹುಟ್ಟುವುದೂ ನಮ್ಮ ಬೆಟ್ಟಗಳಲ್ಲೇ.

ಕಳೆದ ತಿಂಗಳು ಮೀನುಗಾರರ ದೋಣಿಯಲ್ಲಿ ಹೋಗಿ ತಳದ ಕೆಸರು ತಂದೆ. ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದಾಗ ಉಳಿದದ್ದು ದಾರದೆಳೆಯಂಥ ಕೆಂಪು ಹುಳುಗಳು, ಅಕ್ಕಿನುಚ್ಚಿನಷ್ಟು ಪುಟ್ಟ ಚಿಪ್ಪುಗಳು. ಎಷ್ಟೋ ಮೀನುಗಳಿಗೆ ಇವೇ ಆಹಾರ. ಹೂಳಿನ ಜೊತೆ ಇವೂ ಹೋಗುತ್ತವೆ; ಕದಡಿದ ಕೆಸರು ಬೇರೆಡೆ ಕುಳಿತು ಅಲ್ಲಿನ ಜೀವಿಗಳನ್ನೂ ಮುಚ್ಚುತ್ತದೆ.

ನನ್ನ ತೊಡಕು ಇದು: ಮಳೆಗಾಲದಲ್ಲಿ ಆ ನೀರು ತಾನಾಗಿಯೇ ಕದಡುತ್ತದೆ. ಮಳೆಯಿಂದಾದದ್ದು ಯಾವುದು, ಯಂತ್ರದಿಂದಾದದ್ದು ಯಾವುದು? ಹೂಳೆತ್ತುವ ಮೊದಲು ಮತ್ತು ನಂತರ, ಬಂದರಿನಲ್ಲಿಯೂ ಹೂಳೆತ್ತದ ಜಾಗದಲ್ಲಿಯೂ ಮಾದರಿ ತೆಗೆದು ಹೋಲಿಸಬೇಕೆಂದು ಓದಿದ್ದೇನೆ. ಆ ಹೋಲಿಕೆಯ ಜಾಗವನ್ನು ಎಷ್ಟು ದೂರದಲ್ಲಿ ಆರಿಸಲಿ? ಬಲ್ಲವರು ದಯವಿಟ್ಟು ತಿಳಿಸಿ.

ಹುಳುಗಳ ಜಾತಿ ಗುರುತಿಸಲು ಕಲಿಸುವವರು ಹಾಸನ, ಚಿಕ್ಕಮಗಳೂರು ಕಡೆ ಇದ್ದರೆ, ಫಾರ್ಮಲಿನ್ ಡಬ್ಬಿಗಳನ್ನು ಜೋಪಾನವಾಗಿ ಹೊತ್ತು ನಾನೇ ಬರುತ್ತೇನೆ.