ಇನ್ಸುಲಿನ್ ಸೂಜಿಗೆ ವಿದಾಯವೇ? ಮನೆಯ ಗುಂಪಿನಲ್ಲಿ ನಡೆದ ವಾದ

ಜಮಖಂಡಿ ಕಾಕಾ: ಮೇಲಿನ ವಿಡಿಯೊವನ್ನು ಎಲ್ಲರೂ ನೋಡಿರಿ. ಕಡಲ ಪಾಚಿಯಿಂದ ತೆಗೆದ ಜೆಲ್ಲಿನ ಮಣಿಗಳೊಳಗೆ ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನಿಟ್ಟು ಹೊಟ್ಟೆಯೊಳಗೆ ಬಿಟ್ಟರೆ, ಸಕ್ಕರೆ ಕಾಯಿಲೆಯವರಿಗೆ ಮುಂದೆ ಸೂಜಿಯೇ ಬೇಡವಂತೆ. ಮುಂಗಡ ಕಟ್ಟಿ ಮೊಮ್ಮಗನ ಹೆಸರು ಬರೆಸಬೇಕೆಂದಿದ್ದೇನೆ. ಬೆಳಗಾವಿಯಲ್ಲಿ ಔಷಧ ವಿಜ್ಞಾನ ಕಲಿಸುವವನು ಏನೆನ್ನುತ್ತಾನೆ?

ನಾನು: ಕಾಕಾ, ಜೆಲ್ಲಿನ ಬಗ್ಗೆ ಅವರು ಹೇಳಿರುವುದು ನಿಜ, ಸೂಜಿ ಬೇಡವೆಂಬ ಮಾತು ನಿಜವಲ್ಲ. ಕಂದು ಪಾಚಿಯಿಂದ ಸಿಗುವ ಆಲ್ಜಿನೇಟ್ ಎಂಬ ಈ ವಸ್ತುವಿನ ದ್ರಾವಣಕ್ಕೆ ಕ್ಯಾಲ್ಸಿಯಂ ಸೇರಿದೊಡನೆ ಅದರ ಉದ್ದನೆಯ ಸರಪಳಿಗಳಲ್ಲಿ ಗುಲುರಾನಿಕ್ ಆಮ್ಲವೆಂಬ ಸಕ್ಕರೆಯಂಥ ಘಟಕ ಹೆಚ್ಚಿರುವ ಭಾಗಗಳು ಒಂದಕ್ಕೊಂದು ಬೆಸೆದುಕೊಂಡು, ಕಾಯಿಸದೆಯೇ ಜೆಲ್ಲಾಗುತ್ತವೆ. ಆದ್ದರಿಂದಲೇ ಜೆಲ್ಲಾಗುವಾಗ ಒಳಗಿಟ್ಟ ಜೀವಕೋಶಗಳು ಸಾಯುವುದಿಲ್ಲ. 1980ರಲ್ಲಿ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇಂಥ ಮಣಿಗಳನ್ನು ಮಧುಮೇಹವಿದ್ದ ಇಲಿಗಳಿಗೆ ಹಾಕಿದಾಗ ಎರಡು ಮೂರು ವಾರ ಸಕ್ಕರೆ ಹತೋಟಿಯಲ್ಲಿತ್ತು. ಅಂದಿನಿಂದ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಅದೇಕೆ ನಿತ್ಯದ ಚಿಕಿತ್ಸೆಯಾಗಿಲ್ಲ ಎಂಬುದನ್ನು ವಿಡಿಯೊ ಹೇಳುವುದಿಲ್ಲ.

ವಿಜಯಪುರದ ಅಕ್ಕ: ತಮ್ಮಾ, ಇಲಿಯ ಕಥೆ ಹೇಳಿ ಮನುಷ್ಯನ ಕಥೆಯನ್ನು ಬಿಟ್ಟೆಯಲ್ಲ. ಇಂಥ ಮಣಿಗಳನ್ನು ಹಾಕಿಸಿಕೊಂಡು, 1994ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ರೋಗಿ ಒಂಬತ್ತು ತಿಂಗಳು ಇನ್ಸುಲಿನ್ ಚುಚ್ಚಿಕೊಳ್ಳದೆ ಇದ್ದ. ಹಲ್ಲಿನ ಅಚ್ಚು ತೆಗೆಯಲು ನಮ್ಮ ಕ್ಲಿನಿಕ್ಕಿನಲ್ಲಿ ನಿತ್ಯವೂ ಕಲಸುವುದು ಇದೇ ಆಲ್ಜಿನೇಟನ್ನು. ಅದರಿಂದ ಅಪಾಯವೆಂದು ಹೇಳಲಾಗದು.

ನಾನು: ಆ ರೋಗಿಗೆ ಮೊದಲೇ ಮೂತ್ರಪಿಂಡದ ಕಸಿಯಾಗಿತ್ತು ಅಕ್ಕಾ. ಅದಕ್ಕಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಸೇವಿಸುತ್ತಿದ್ದ. ಅಂಥ ಮಾತ್ರೆಗಳಿಲ್ಲದೆ ಜೀವಕೋಶಗಳನ್ನು ಉಳಿಸುವುದೇ ಜೆಲ್ಲಿನ ಉದ್ದೇಶವಾಗಿರುವಾಗ, ಒಬ್ಬನೇ ಇರುವ ಆ ಉದಾಹರಣೆಯಿಂದ ಜೆಲ್ಲಿನ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಇನ್ನು ಅಚ್ಚು ಬಾಯಲ್ಲಿರುವುದು ಕೆಲವು ನಿಮಿಷ. ಮಣಿಗಳು ಹೊಟ್ಟೆಯಲ್ಲಿ ವರ್ಷಗಟ್ಟಲೆ ಉಳಿಯಬೇಕು. ಪಾಚಿಯಿಂದ ಬರುವ ಪ್ರೋಟೀನ್, ಪಾಲಿಫೀನಾಲ್‌ಗಳ ಅಲ್ಪ ಕಲ್ಮಶವೂ ಅಲ್ಲಿ ಉರಿಯೂತಕ್ಕೆ ಕಾರಣವಾಗಬಹುದು.

ಜಮಖಂಡಿ ಕಾಕಾ: ಜೆಲ್ಲು ಜರಡಿಯಂತೆ ಇನ್ಸುಲಿನ್ನನ್ನು ಹೊರಬಿಟ್ಟು, ದಾಳಿ ಮಾಡುವ ರಕ್ತಕಣಗಳನ್ನು ಹೊರಗೇ ತಡೆಯುತ್ತದೆಂದು ವಿಡಿಯೊದಲ್ಲಿ ಚೆನ್ನಾಗಿಯೇ ತೋರಿಸಿದ್ದಾರೆ. ನೀನು ಅದಕ್ಕೆ ಉತ್ತರ ಕೊಡಲಿಲ್ಲ.

ನಾನು: ಜರಡಿಯ ಮಾತು ಸರಿ ಕಾಕಾ, ತೊಂದರೆ ಶುರುವಾಗುವುದು ಅಲ್ಲಿಂದಲೇ. ಒಳಬರಲಾಗದ ರಕ್ತಕಣಗಳು ಸುಮ್ಮನಿರುವುದಿಲ್ಲ; ಮಣಿಯ ಮೇಲೆಯೇ ಕುಳಿತು ಸುತ್ತಲೂ ನಾರಿನ ಪದರ ಕಟ್ಟುತ್ತವೆ. ರಕ್ತನಾಳದಿಂದ ಹೊರಟ ಆಮ್ಲಜನಕ ಅಂಗಾಂಶದಲ್ಲಿ ಸುಮಾರು 100ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದೂರದವರೆಗೆ ಮಾತ್ರ ಸಾಕಾಗುತ್ತದೆ. ಪದರ ದಪ್ಪಗಾದಂತೆ, ಯಾರೂ ಮುಟ್ಟದಿದ್ದರೂ ಒಳಗಿನ ಜೀವಕೋಶಗಳು ಉಸಿರುಕಟ್ಟಿ ಸಾಯುತ್ತವೆ. ಈ ಅಂಟಿಕೊಳ್ಳುವಿಕೆಯನ್ನು ತಪ್ಪಿಸಲು ಆಲ್ಜಿನೇಟಿನ ರಾಸಾಯನಿಕ ರಚನೆಯನ್ನೇ ಮಾರ್ಪಡಿಸಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಂಡಕೋಶಗಳಿಂದ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಂದ, ಬೆಳೆಸಿದ ಮಾನವ ಬೀಟಾ ಕೋಶಗಳು (ಇನ್ಸುಲಿನ್ ಸ್ರವಿಸುವ ಕೋಶಗಳು) 174ನೆಯ ದಿನ ಹೊರತೆಗೆಯುವವರೆಗೂ ಸಕ್ಕರೆಯನ್ನು ಹತೋಟಿಯಲ್ಲಿಟ್ಟವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಆಶಾದಾಯಕ ಕೆಲಸ ಅದೇ, ಆದರೆ ಅದೂ ಸಣ್ಣ ಇಲಿಗಳಲ್ಲಿ ನಡೆದದ್ದು.

ಬಾಗಲಕೋಟೆಯ ತಂಗಿ: ಅಣ್ಣಾ, ಎದೆಯುರಿಗೆಂದು ನಾವು ಅಂಗಡಿಯಲ್ಲಿ ಕೊಡುವ ಸಿರಪ್ಪಿನಲ್ಲೂ ಆಲ್ಜಿನೇಟ್ ಇದೆ. ಔಷಧಿಯನ್ನು ನಿಧಾನವಾಗಿ ಬಿಡುವ ಕೆಲಸಕ್ಕೆ ಅದು ಒಗ್ಗುತ್ತದೆಂದು ನಾವೂ ಓದಿದ್ದೇವೆ. ಹಾಗಿರುವಾಗ ಜೀವಕೋಶಕ್ಕೆ ಮಾತ್ರ ಏಕೆ ಒಗ್ಗುವುದಿಲ್ಲ?

ನಾನು: ಔಷಧಿಗೆ ಉಸಿರಾಡುವ ಹಂಗಿಲ್ಲವಲ್ಲ! ಜಠರದ ಆಮ್ಲದಲ್ಲಿ ಕುಗ್ಗಿ ಕರುಳಿನಲ್ಲಿ ಉಬ್ಬುವ ಗುಣ ಗುಳಿಗೆಗೆ ಅನುಕೂಲವೇ. ಅಲ್ಲಿಯೂ ಮಿತಿಯಿದೆ: ಜೆಲ್ಲಿನ ರಂಧ್ರಗಳು ಸುಮಾರು ಐದು ನ್ಯಾನೊಮೀಟರ್ ಇರುವುದರಿಂದ, ನೀರಿನಲ್ಲಿ ಕರಗುವ ಸಣ್ಣ ಅಣುಗಳು ಬೇಗ ಸೋರಿಹೋಗುತ್ತವೆ. ಅಂಥ ಔಷಧಿಯನ್ನು ಸರಪಳಿಗೇ ಬಂಧಿಸಬೇಕು, ಇಲ್ಲವೇ ಮಣಿಗೆ ಬೇರೊಂದು ಲೇಪ ಕೊಡಬೇಕು. ಮೇಲಾಗಿ ಆಲ್ಜಿನೇಟನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಸೋಡಿಯಂ ಬಂದು ಕ್ಯಾಲ್ಸಿಯಂ ಜಾಗ ಹಿಡಿದಾಗ ಜೆಲ್ಲು ಸಡಿಲಾಗುತ್ತದೆ, ಯಾವಾಗ ಎಷ್ಟು ಸಡಿಲಾದೀತೆಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ. ಬಿಡಿಬಿಡಿಯಾದ ಸರಪಳಿಗಳೂ ಮೂತ್ರಪಿಂಡ ಸೋಸಿ ಹೊರಹಾಕಲಾರದಷ್ಟು ದೊಡ್ಡವಿರಬಹುದು. ಅದಕ್ಕೆಂದೇ ಸರಪಳಿಯನ್ನು ಭಾಗಶಃ ಆಕ್ಸಿಡೀಕರಿಸಿ, ನೀರಿನಲ್ಲಿ ತಾನಾಗಿಯೇ ತುಂಡಾಗುವಂತೆ ಮಾಡುವ ವಿಧಾನ ಬಂದಿದೆ.

ಜಮಖಂಡಿ ಕಾಕಾ: ಇಷ್ಟು ಬರೆದೆ, ಒಳಗಿಡುವ ಜೀವಕೋಶ ಯಾರದೆಂದು ಮಾತ್ರ ಹೇಳಲಿಲ್ಲ.

ನಾನು: ಮೃತ ದಾನಿಗಳದ್ದು, ಹಂದಿಯದ್ದು, ಕಾಂಡಕೋಶದಿಂದ ಬೆಳೆಸಿದ್ದು, ಮೂರನ್ನೂ ಪ್ರಯೋಗಿಸಿದ್ದಾರೆ. ಈ ವಿಡಿಯೊದವರು ಯಾವುದನ್ನು ಬಳಸುತ್ತಾರೆಂದು ಎಲ್ಲಿಯೂ ಹೇಳಿಲ್ಲ. ಅಧಿಕೃತ ಪ್ರಯೋಗವಾಗಿದ್ದರೆ ಅದು ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಸಿಗಬೇಕು, ರೋಗಿಯಿಂದ ಮುಂಗಡವನ್ನೂ ಕೇಳಬಾರದು.

ಜಮಖಂಡಿ ಕಾಕಾ: ಸರಿ, ನೋಂದಣಿ ಸಂಖ್ಯೆ ಕೊಡದ ಹೊರತು ದುಡ್ಡು ಕಳಿಸುವುದಿಲ್ಲ. ಆದರೆ ಪಾಚಿಯ ಮಣಿಯಿಂದ ಏನೂ ಆಗದೆಂದು ನೀನು ಹೇಳಿದರೂ ನಾನು ಒಪ್ಪುವವನಲ್ಲ.

ನಾನು: ಹಾಗೆಂದು ನಾನೂ ಹೇಳಿಲ್ಲ ಕಾಕಾ, ಈಗ ಕೊಂಡುಕೊಳ್ಳುವ ಸ್ಥಿತಿಯಲ್ಲಿ ಅದಿಲ್ಲ ಎಂದಷ್ಟೇ ಹೇಳಿದೆ.

ವಿಜಯಪುರದ ಅಕ್ಕ: ವಾದ ನಾಳೆ ಮುಂದುವರಿಯಲಿ. ಹುಡುಗನ ಇನ್ಸುಲಿನ್ ಪ್ರಮಾಣವನ್ನು ಡಾಕ್ಟರನ್ನು ಕೇಳದೆ ಯಾರೂ ಬದಲಿಸಬೇಡಿರಿ.